ಒಂಬತ್ತಕ್ಕೆ ಸರಿದ ಸಭೆ

ಅಕ್ಟೋಬರ್ ೨೭, ಸೋಮವಾರ

ನಿನ್ನೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾಯಿತು. ಬೇಸಿಗೆಯ ಸಮಯ ಮುಗಿದು ಚಳಿಗಾಲದ ಸಮಯ ಶುರು. ಹಗಲಿನ ಬೆಳಕಿಗೆ ಹೊಂದಿಸಿಕೊಳ್ಳಲೆಂದು ವರ್ಷಕ್ಕೆ ಎರಡು ಸಲ, ಮಾರ್ಚಿನಲ್ಲಿ ಮುಂದೆ, ಅಕ್ಟೋಬರಿನಲ್ಲಿ ಹಿಂದೆ, ಊರಿಗೆ ಊರೇ ಇದನ್ನು ಮಾಡುತ್ತದೆ, ಮಾಡಿ ಮರೆಯುತ್ತದೆ. ನಮ್ಮ ಆಫೀಸಿನಲ್ಲಿ ಮಾತ್ರ ಮರುದಿನ ಬೆಳಿಗ್ಗೆಯಿಂದ ಫೋನುಗಳು ಬಡಿದುಕೊಳ್ಳುತ್ತವೆ. ನಾವು ಮಾಡುವುದು ಕ್ಯಾಲೆಂಡರ್ ಸಾಫ್ಟ್‌ವೇರ್. ಯಾವ ಊರಲ್ಲಿ ಯಾವ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ, ಯಾವ ಭಾನುವಾರ ಹಿಂದೆ ಬರುತ್ತದೆ ಎಂಬ ನಿಯಮಗಳನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದಿಡುವುದು ಈಗ ನನ್ನ ಪಾಲಿನ ಕೆಲಸ. ಜುಲೈವರೆಗೆ ಅದು ಭಾವನ ಕೆಲಸವಾಗಿತ್ತು.

ಆಫೀಸಿನಲ್ಲಿ ಅವರು ಯಾರಿಗೂ ನಿಜವಾದ ಭಾವನಲ್ಲ. ಕಂಪನಿ ಶುರುಮಾಡಿದವನು ಅವರ ಹೆಂಡತಿಯ ತಮ್ಮ. ಅವನು ಭಾವ ಎಂದು ಕರೆದ, ಕೇಳಿಸಿಕೊಂಡವರೆಲ್ಲ ಕರೆದರು. ಅವನು ಕಂಪನಿಯನ್ನು ಮಾರಿ ಹೊರಟುಹೋದ, ಭಾವ ಮಾತ್ರ ಎಲ್ಲರ ಭಾವನಾಗಿಯೇ ಉಳಿದರು. ನನಗೆ ಈ ಕೆಲಸದ ಅ ಆ ಇ ಈ ಕಲಿಸಿದವರು ಅವರು. ಜುಲೈಯಲ್ಲಿ ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡು ಬಸ್ಸಿನವರು ಬಿಟ್ಟು ಹೋದರಂತೆ.

ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಬರೆದರೆ ತಲೆ ಹಗುರಾಗುತ್ತದೆ, ಬರೆದು ನೋಡು ಎಂದು ಮನೆಯಲ್ಲಿ ಇವರು ಹೇಳಿದರು. ಇವರು ಲಿಫ್ಟ್ ರಿಪೇರಿ ಮಾಡುವವರು. ಎಲ್ಲಕ್ಕೂ ಭಾರ ಇಳಿಸುವುದೇ ಮದ್ದು ಎಂದು ನಂಬಿದವರು. ನೋಡೋಣ.

ಅಕ್ಟೋಬರ್ ೩೦, ಗುರುವಾರ

ಇವತ್ತು ಬೇಗ ಹೋಗಿದ್ದೆ. ಮೂರನೇ ಮಹಡಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಆದರೆ ಕೊನೆಯ ಸಭಾಕೋಣೆಯ ಬಾಗಿಲ ಪಕ್ಕದ ಪುಟ್ಟ ಪರದೆ ಕೆಂಪಗೆ ಉರಿಯುತ್ತಿತ್ತು. ಒಳಗೆ ಸಭೆ ನಡೆಯುತ್ತಿದೆ ಎಂದರ್ಥ. ಕೆಳಗೆ ಭಾವನ ಹೆಸರು, ಒಂಬತ್ತರಿಂದ ಹತ್ತು.

ಇನ್ನೊಮ್ಮೆ ಓದಿದೆ. ಆಮೇಲೆ ಹೊಳೆಯಿತು. ಪ್ರತಿ ಗುರುವಾರ ಹತ್ತಕ್ಕೆ ನಮ್ಮ ಸಭೆ ಇರುತ್ತಿತ್ತು. ಭಾವ ಅದನ್ನು ಕ್ಯಾಲೆಂಡರಿಗೆ ಹಾಕಿದ್ದು ಕೆಲಸದ ಮೇಲೆ ಅರ್ಧ ವರ್ಷ ಬೇರೆ ದೇಶದ ಊರೊಂದರಲ್ಲಿದ್ದಾಗ. ಆ ಊರಿನಲ್ಲಿ ಗಡಿಯಾರ ಮುಟ್ಟುವ ಪದ್ಧತಿಯೇ ಇಲ್ಲ. ಹಾಗಾಗಿ ಆ ಸಭೆ ಇವತ್ತಿಗೂ ಆ ಊರಿನ ಸಮಯಕ್ಕೆ ಕಟ್ಟಿಕೊಂಡಿದೆ. ನಮ್ಮ ಗಡಿಯಾರ ಹಿಂದೆ ಬಂದಾಗ ಎಲ್ಲರ ಹತ್ತು ಹತ್ತಾಗಿಯೇ ಉಳಿಯುತ್ತದೆ, ಭಾವನ ಹತ್ತು ಒಂಬತ್ತಾಗುತ್ತದೆ. ಪ್ರತಿ ಚಳಿಗಾಲ ನಾವು ಗೊಣಗುತ್ತ ಬೇಗ ಬರುತ್ತಿದ್ದೆವು. ಸರಿಮಾಡಿ ಎಂದರೆ, ನಿಯಮ ನೆಟ್ಟಗಿದೆ ಅನ್ನೋದಕ್ಕೆ ಇದೇ ಸಾಕ್ಷಿ, ಎಂದು ನಗುತ್ತಿದ್ದರು.

ಅವರು ಹೋದ ಮೇಲೆ ಸಭೆ ನಿಂತಿತು. ಕ್ಯಾಲೆಂಡರಿನಿಂದ ತೆಗೆಯಲು ಮಾತ್ರ ಯಾರಿಗೂ ಕೈ ಬಂದಿಲ್ಲ.

ವಸಂತದಲ್ಲಿ ಗಡಿಯಾರ ಮುಂದೆ ಹೋದಾಗ ಮತ್ತೆ ಹತ್ತಕ್ಕೆ ಬರುತ್ತದೆ, ಎಲ್ಲರ ಜೊತೆಗೆ. ಅಲ್ಲಿಯವರೆಗೆ ಪಾಪ, ಒಬ್ಬರೇ.

ನವೆಂಬರ್ ೬, ಗುರುವಾರ

ಕಾಫಿ ಹಿಡಿದುಕೊಂಡು ಆ ಕೋಣೆಯಲ್ಲೇ ಕೂತಿದ್ದೆ. ಬೇರೆಲ್ಲೂ ಅಷ್ಟು ಸದ್ದಿಲ್ಲದ ಜಾಗ ಸಿಗುವುದಿಲ್ಲ. ಕಿಟಕಿಯಾಚೆ ಲಾಂಡ್ರಿಯ ಹಿಂಬದಿ ಗೋಡೆ; ಕೊಳವೆಯೊಂದು ಬಿಳಿಯ ಹಬೆಯನ್ನು ಬಿಟ್ಟು ಬಿಟ್ಟು ಉಗುಳುತ್ತದೆ.

ಒಂದು ಊರಿನ ಹಳೆಯ ನಿಯಮ ವಾರದಿಂದ ನನ್ನ ತಲೆ ತಿನ್ನುತ್ತಿತ್ತು. ಗಡಿಯಾರ ಹಿಂದೆ ಬಂದ ದಿನ ಒಂದೇ ಗಂಟೆ ಎರಡು ಸಲ ಬರುತ್ತದಲ್ಲ, ಆ ಗಂಟೆಯಲ್ಲಿ ಯಾರಾದರೂ ಭೇಟಿಗೆ ಸಮಯ ಗೊತ್ತುಮಾಡಿದ್ದರೆ ಮೊದಲನೆಯದೋ ಎರಡನೆಯದೋ? ಭಾವ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದೆ. ಅವರು ಯಾವಾಗಲೂ ಹೇಳುತ್ತಿದ್ದದ್ದು ಒಂದೇ: ಮನುಷ್ಯ ಏನು ಅಂದುಕೊಂಡು ಬರೆದನೋ ಅದನ್ನ ಉಳಿಸು, ಲೆಕ್ಕ ಆಮೇಲೆ. ಹಾಗೆ ನೋಡಿದರೆ ಉತ್ತರ ಕಣ್ಣೆದುರಿಗೇ ಇತ್ತು: ಮೊದಲನೆಯದೇ, ಎರಡನೆಯದೊಂದು ಬರುತ್ತದೆಂದು ಬರೆದವರು ಎಣಿಸಿರುವುದಿಲ್ಲ. ಹತ್ತು ಗಂಟೆಗೆ ಜನ ಬರುವ ಮೊದಲೇ ಮುಗಿಸಿದೆ.

ನವೆಂಬರ್ ೨೦, ಗುರುವಾರ

ಹೋದಾಗ ಕೋಣೆಯ ದೀಪ ಆಗಲೇ ಉರಿಯುತ್ತಿತ್ತು. ಅದು ತಾನಾಗಿ ಹೊತ್ತಿಕೊಳ್ಳುವ ದೀಪ, ಒಳಗೆ ಯಾರಾದರೂ ಅಲ್ಲಾಡಿದರೆ ಮಾತ್ರ. ಗುಡಿಸುವವಳು ಇರಬೇಕು ಎಂದುಕೊಂಡೆ. ಕೆಳಗಿಳಿದು ಕೇಳಿದರೆ ಅವಳು ಇನ್ನೂ ಎರಡನೇ ಮಹಡಿಯನ್ನೇ ಮುಗಿಸಿರಲಿಲ್ಲ.

ಹೆದರಿಕೆಯಾಗಲಿಲ್ಲ. ಅದನ್ನು ಬರೆದಿಡಬೇಕು ಅನ್ನಿಸಿತು, ಅಷ್ಟೆ.

ಡಿಸೆಂಬರ್ ೧೧, ಗುರುವಾರ

ಮಗಳು ಊಟದ ಹೊತ್ತಿನಲ್ಲಿ, ಅಮ್ಮನ ವಾಚು ಸುಳ್ಳು ಹೇಳುತ್ತಿದೆ ಎಂದಳು. ನಿಜ, ಅಕ್ಟೋಬರಿನಲ್ಲಿ ಅದನ್ನು ತಿರುಗಿಸಲು ಪುರುಸೊತ್ತಾಗಿರಲಿಲ್ಲ. ಈಗ ಒಂದು ಗಂಟೆ ಕಳೆದು ನೋಡುವುದು ರೂಢಿಯಾಗಿದೆ. ಅದರಿಂದ ಒಂದು ಅನುಕೂಲವೂ ಇದೆ, ಕೋಣೆಯಲ್ಲಿ ಕೂತಾಗ ನನ್ನ ವಾಚಿನಲ್ಲಿ ಹತ್ತೇ ಆಗಿರುತ್ತದೆ.

ಇವರು ನಗುತ್ತ, ನಿಮ್ಮಮ್ಮ ಸಮಯ ಮಾಡೋ ಕಂಪನಿಯಲ್ಲಿದಾಳೆ, ಅವಳದೇ ಸರಿ ಇರುತ್ತೆ ಬಿಡು, ಎಂದು ಮಗಳಿಗೆ ಹೇಳಿದರು. ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಯಾಕೋ.

ಜನವರಿ ೮, ಗುರುವಾರ

ಡಯಾಲಿಸಿಸ್ ಕೇಂದ್ರದ ಕೆಲಸ ನಮಗೆ ಸಿಕ್ಕಿದೆ. ಕಿಡ್ನಿ ಕೈಕೊಟ್ಟವರನ್ನು ವಾರಕ್ಕೆ ಮೂರು ದಿನ ವ್ಯಾನಿನಲ್ಲಿ ಮನೆಯಿಂದ ಕರೆತಂದು, ಯಂತ್ರಕ್ಕೆ ಹಾಕಿ ರಕ್ತ ಶುದ್ಧಮಾಡಿ ಕಳಿಸುತ್ತಾರೆ. ಯಾವ ವ್ಯಾನು ಯಾರ ಮನೆ ಮುಂದೆ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದೆಲ್ಲ ಇನ್ನು ನಮ್ಮ ಕ್ಯಾಲೆಂಡರಿನಿಂದಲೇ ಹೋಗುತ್ತದೆ. ಹೆಡ್ ನರ್ಸ್ ಗಟ್ಟಿ ಹೆಂಗಸು. ಬೆಳಿಗ್ಗೆ ಏಳು ಅಂದರೆ ಏಳು, ನನ್ನ ಪೇಷಂಟ್‌ಗಳು ಬಾಗಿಲಲ್ಲಿ ನಿಲ್ಲೋ ಸ್ಥಿತಿಯವರಲ್ಲ ಎಂದು ಫೋನಿನಲ್ಲೇ ತಾಕೀತು ಮಾಡಿದರು.

ಕೋಣೆಯಲ್ಲಿ ಕೂತು ಇದನ್ನೆಲ್ಲ ಭಾವನಿಗೆ ಹೇಳಿದೆ. ಏಳು ಗಂಟೆ ಎಂದೇ ಬರೆದಿಡು, ಊರಿನ ಹೆಸರನ್ನೂ ಜೊತೆಗಿಡು, ಉಳಿದದ್ದು ನಿಯಮಗಳ ಪಟ್ಟಿ ನೋಡಿಕೊಳ್ಳುತ್ತದೆ ಎಂದು ಹೇಳಿದರು. ಹಾಗೇ ಮಾಡಿದೆ.

ಫೆಬ್ರವರಿ ೫, ಗುರುವಾರ

ಈಗ ಗುರುವಾರ ಮಾತ್ರ ಎಂದೇನಿಲ್ಲ. ದಿನವೂ ಒಂಬತ್ತಕ್ಕೆ ಹೋಗುತ್ತೇನೆ. ಗುರುವಾರ ಚೆನ್ನಾಗಿ ಕೇಳಿಸುತ್ತದೆ.

ಫೆಬ್ರವರಿ ೧೯, ಗುರುವಾರ

ಮಗಳಿಗೆ ಜ್ವರವಿತ್ತಂತೆ. ಇವರು ರಜೆ ಹಾಕಿದರು.

ಭಾವ ಹೇಳುತ್ತಾರೆ, ಇನ್ನೇನು ಬಂದೇಬಿಟ್ಟಿತು ಮಾರ್ಚ್.

ಮಾರ್ಚ್ ೧೨, ಗುರುವಾರ

ಸರಕಾರದ ಪ್ರಕಟಣೆ ಬಂದಿದೆ. ಈ ವರ್ಷದಿಂದ ಗಡಿಯಾರ ಮುಂದೆ ಹಾಕುವುದಿಲ್ಲವಂತೆ. ಚಳಿಗಾಲದ ಸಮಯವೇ ವರ್ಷವಿಡೀ. ಗಡಿಯಾರ ಮುಂದೆ ಹೋಗಬೇಕಿದ್ದ ಭಾನುವಾರಕ್ಕೆ ಮೂರು ವಾರವೂ ಇಲ್ಲ, ಈಗ ಹೇಳುತ್ತಾರೆ. ಆಫೀಸಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು.

ನಾನು ಮಾಡಬೇಕಾದ್ದು ಸಣ್ಣ ಕೆಲಸ. ಪಟ್ಟಿಯಲ್ಲಿ ನಮ್ಮ ದೇಶದ ಬೇಸಿಗೆ ನಿಯಮ ಒಂದು ಸಾಲು: ಮಾರ್ಚ್ ಕೊನೆಯ ಭಾನುವಾರ, ಒಂದು ಗಂಟೆ ಮುಂದೆ. ಅದನ್ನು ನಿಲ್ಲಿಸಿ, ಪರೀಕ್ಷೆ ಮಾಡಿ, ಎಲ್ಲ ಯಂತ್ರಗಳಿಗೆ ಕಳಿಸಬೇಕು. ಕಳಿಸದಿದ್ದರೆ ನಮ್ಮ ಸಾಫ್ಟ್‌ವೇರ್ ಗಡಿಯಾರ ಮುಂದೆ ಹೋಗಿದೆ ಎಂದೇ ನಂಬಿ ಏಳರ ವ್ಯಾನನ್ನು ಆರಕ್ಕೇ ತಂದು ನಿಲ್ಲಿಸುತ್ತದೆ. ಮ್ಯಾನೇಜರ್, ನಾಳೆಯೇ ಆಗಲಿ, ಎಂದಳು. ನಮ್ಮ ಮ್ಯಾನೇಜರ್ ನನಗಿಂತ ಚಿಕ್ಕವಳು, ಒಳ್ಳೆಯವಳು, ಮಾತಿಗೆ ಮೊದಲು ಪೆನ್ನಿನ ಮುಚ್ಚಳ ತೆಗೆಯುವವಳು.

ಹಾಗಾದರೆ ಭಾವನ ಸಭೆ ಒಂಬತ್ತಕ್ಕೇ. ಇನ್ನು ಯಾವಾಗಲೂ ಒಂಬತ್ತೇ. ಮತ್ತೆ ಹತ್ತಕ್ಕೆ ಬರುವುದಿಲ್ಲ.

ಯಾಕೆ ಇದನ್ನು ಇಲ್ಲಿ ಬರೆದೆನೋ. ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ ೧೯, ಗುರುವಾರ

ಬದಲಾವಣೆ ನನ್ನ ಯಂತ್ರದಲ್ಲಿ ಸಿದ್ಧವಾಗಿದೆ. ಕಳಿಸಿಲ್ಲ. ಭಾವ ಬೇಡ ಎನ್ನುತ್ತಾರೆ. ಹಿಂದೊಮ್ಮೆಯೂ ಸರಕಾರ ಹೀಗೇ ಹೇಳಿ, ಕೊನೆಯ ಗಳಿಗೆಯಲ್ಲಿ ಮಾತು ಹಿಂತೆಗೆದುಕೊಂಡಿತ್ತು. ಆಗ ಬೇರೆ ಕಂಪನಿಗಳವರೆಲ್ಲ ಆತುರಪಟ್ಟು ಕೆಟ್ಟರು, ಭಾವ ಒಬ್ಬರೇ ಕಾದರು, ಗೆದ್ದರು. ಆ ಕಥೆಯನ್ನು ನಮಗೆ ಎಷ್ಟು ಸಲ ಹೇಳಿಲ್ಲ. ರಾಜಪತ್ರದಲ್ಲಿ ಅಚ್ಚಾಗುವವರೆಗೆ ಒಂದು ಚುಕ್ಕೆಯನ್ನೂ ಮುಟ್ಟಬೇಡ ಎನ್ನುತ್ತಾರೆ. ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆಂದರೆ ಎರಡನೇ ಮಾತಿಲ್ಲ.

ಮ್ಯಾನೇಜರ್ ಎರಡು ಸಲ ಕೇಳಿದಳು. ಇನ್ನೂ ಪರೀಕ್ಷೆ ನಡೆಯುತ್ತಿದೆ ಎಂದೆ.

ಮಾರ್ಚ್ ೨೫, ಬುಧವಾರ

ಇವತ್ತು ಎಲ್ಲರೆದುರು ಹೀಗಾಯಿತು.

ಮ್ಯಾನೇಜರ್ ಕೇಳಿದಳು, ಇನ್ನೂ ಯಾಕೆ ಹೋಗಿಲ್ಲ, ವ್ಯಾನುಗಳಲ್ಲಿರುವ ಟ್ಯಾಬ್‌ಗಳು ಹೊಸದನ್ನು ತೆಗೆದುಕೊಳ್ಳುವುದು ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಮಾತ್ರ. ಅಷ್ಟರೊಳಗೆ ಹೋಗದಿದ್ದರೆ ಸೋಮವಾರ ಪೇಷಂಟ್‌ಗಳು ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ನಿಲ್ಲುತ್ತಾರೆ. ರಾಜಪತ್ರ ಸೋಮವಾರವೇ ಬಂದಿದೆ, ನೋಡಿಲ್ಲವೇ?

ನೋಡಿದ್ದೆ. ಆದರೂ ಬಾಯಿಂದ ಬಂದದ್ದು ಬೇರೆ.

"ಭಾವ ಬೇಡ ಅಂತಿದಾರೆ," ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ನಾನೇ ಏನೋ ತಪ್ಪು ಹೇಳಿದೆ ಎಂದುಕೊಂಡು, "ಅಲ್ಲ, ಬೇಡ ಅಂತಲ್ಲ, ಸ್ವಲ್ಪ ತಡಿ ಅಂತಿದಾರೆ," ಎಂದು ತಿದ್ದಿದೆ. ಎದುರಿಗೆ ಕೂತವನು ತನ್ನ ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಸದ್ದಾದರೆ ನಾನು ಒಡೆದುಹೋಗುತ್ತೇನೆ ಅನ್ನುವ ಹಾಗೆ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದಳು. ಗದರಲಿಲ್ಲ. ಇವತ್ತು ಮನೆಗೆ ಹೋಗಿ ಎಂದಳು, ತಾನೇ ಕೆಳಗಿನವರೆಗೆ ಬಂದಳು. ಲಿಫ್ಟಿನಲ್ಲಿ ಕನ್ನಡಿಯಿತ್ತು. ನೋಡಿಕೊಳ್ಳಲಿಲ್ಲ.

ಮಾರ್ಚ್ ೨೬, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕ ನಿಂತಿದ್ದರು. ಭಾವನ ಹೆಂಡತಿ, ಹಾಗಾಗಿ ಆಫೀಸಿಗೆಲ್ಲ ಅಕ್ಕ. ಮ್ಯಾನೇಜರ್ ಅವರಿಗೆ ಫೋನ್ ಮಾಡಿದ್ದಳಂತೆ. ಇವರು ಮಗಳನ್ನು ಕರೆದುಕೊಂಡು ಮೆಲ್ಲಗೆ ಹೊರಗೆ ಹೋದರು.

ಬಯ್ಯಲು ಬಂದಿದ್ದಾರೆ ಎಂದುಕೊಂಡೆ. ಅಕ್ಕ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿಗೆ ಕೂತು, ಧ್ವನಿ ತಗ್ಗಿಸಿ ಕೇಳಿದರು.

"ನಿನ್ನ ಹತ್ರ ಬರ್ತಾರಂತಲ್ಲ. ಹೌದಾ?"

ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ನನ್ನ ಹತ್ರ ಒಂದು ದಿನಾನೂ ಬಂದಿಲ್ಲ. ಮಲಗೋ ಕೋಣೆ ಬಾಗಿಲು ಕಿರುಗುಟ್ಟುತ್ತೆ, ಬೇಕಂತಲೇ ಎಣ್ಣೆ ಹಾಕಿಲ್ಲ. ಬಂದ್ರೆ ಗೊತ್ತಾಗ್ಲಿ ಅಂತ. ಏನು ಹೇಳ್ತಾರೆ ನಿನಗೆ?"

ಹೇಳಿದೆ. ನಿಯಮದ ಸಾಲು, ರಾಜಪತ್ರ, ಕಾಯು ಎಂದದ್ದು, ಎಲ್ಲ. ಅಕ್ಕ ಒಂದಕ್ಷರ ಬಿಡದ ಹಾಗೆ ಕೇಳಿಸಿಕೊಂಡರು. ಮುಗಿದ ಮೇಲೂ ಇನ್ನೇನೋ ಬರಲಿದೆ ಅನ್ನುವ ಹಾಗೆ ಕಾದರು.

"ನನ್ನ ವಿಷಯ ಏನಾದ್ರೂ ಕೇಳಿದ್ರಾ?"

ಇಡೀ ಚಳಿಗಾಲವನ್ನು ತಡಕಾಡಿದೆ. ಒಂದು ಸಲವಾದರೂ ಕೇಳಿದ್ದರೆ ಎಂದು ಹಂಬಲಿಸಿ ತಡಕಾಡಿದೆ. ಅಕ್ಕನ ಮುಂದೆ ಸುಳ್ಳು ಹೇಳಲು ಆಗಲಿಲ್ಲ.

"ಇಲ್ಲ ಅಕ್ಕ. ಬರೀ ಕೆಲಸದ ಮಾತು."

ಅಕ್ಕ ನಕ್ಕುಬಿಟ್ಟರು. ನಗು ಅರ್ಧಕ್ಕೇ ಕೆಟ್ಟು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಬರೀ ಕೆಲಸದ ಮಾತಾ? ಹಾಗಿದ್ರೆ ಅವರೇ."

ನಾನು ಕಾಫಿ ಮಾಡಿದೆ. ಕುಡಿಯುತ್ತ ಅಕ್ಕ, ಸರಕಾರ ಮಾತು ಹಿಂತೆಗೆದುಕೊಂಡ ಆ ವರ್ಷದ ಕಥೆಯನ್ನು ಇನ್ನೊಂದು ಸಲ ಹೇಳು ಎಂದರು. ಎಲ್ಲರೂ ಆತುರಪಟ್ಟಾಗ ಭಾವ ಒಬ್ಬರೇ ಕಾದು ಗೆದ್ದದ್ದನ್ನು ಹೇಳಿದೆ. ಅಕ್ಕ ತಲೆಯಾಡಿಸಿದರು.

"ಕಾದೆ ಅಂತ ಹೇಳಿದ್ರಾ ನಿಮಗೆಲ್ಲ? ಕಾದಿದ್ದಲ್ಲ ಕಣೇ. ಕೈಕಾಲು ಆಡದೆ ಕೂತಿದ್ರು. ಕಳಿಸ್ಲಾ ಬಿಡ್ಲಾ, ಕಳಿಸ್ಲಾ ಬಿಡ್ಲಾ ಅಂತ ನನ್ನ ಪ್ರಾಣ ತಿಂದ್ರು. ನನಗೇನು ಗೊತ್ತು ನಿಮ್ಮ ನಿಯಮ? ಕೊನೆಗೆ ಸರಕಾರದವರೇ ಮನಸ್ಸು ಬದಲಾಯಿಸಿ ಇವರ ಮಾನ ಉಳಿಸಿದ್ರು."

ಆಮೇಲೆ ಲೋಟವನ್ನು ಕೆಳಗಿಟ್ಟು ನನ್ನನ್ನು ನೇರವಾಗಿ ನೋಡಿ ಹೇಳಿದರು.

"ಎರಡನೇ ಮಾತಿಲ್ಲದ ಹಾಗೆ ಹೇಳ್ತಾರೆ ಅಂದ್ಯಲ್ಲ, ಅದೊಂದು ಅವರದಲ್ಲ. ಅಷ್ಟು ಖಚಿತವಾಗಿ ಅವರು ಜೀವನದಲ್ಲಿ ಯಾವತ್ತೂ ಮಾತಾಡಿದವರಲ್ಲ. ಅದು ನೀನೇ ಇರ್ಬೇಕು."

ಹೊರಟಾಗ ಅಕ್ಕ ನನ್ನನ್ನು ಅಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಮಾಡಲಿಲ್ಲ. ಬಾಗಿಲಲ್ಲಿ ನಿಂತು, ಇನ್ನೊಂದು ಸಲ ಬಂದರೆ ನನ್ನನ್ನೂ ಕರಿ ಎಂದರು, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ. ಮೆಟ್ಟಿಲು ಇಳಿಯುವ ಸದ್ದು ಮುಗಿಯುವವರೆಗೆ ನಾನು ನಿಂತಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟೆ.

ಮಾರ್ಚ್ ೨೭, ಶುಕ್ರವಾರ

ನಿನ್ನೆ ಆಫೀಸು ಮುಟ್ಟಿದಾಗ ಮ್ಯಾನೇಜರ್ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ನಿಯಮವನ್ನು ಅಳಿಸಿಬಿಡುವುದಲ್ಲವೇ ಎಂದು ಕೇಳಿದಳು. ಅಳಿಸುವ ಹಾಗಿಲ್ಲ ಎಂದೆ. ಅಳಿಸಿದರೆ ಹಿಂದಿನ ಬೇಸಿಗೆಗಳೆಲ್ಲ ಸುಳ್ಳಾಗುತ್ತವೆ. ಆಗ ಹತ್ತಕ್ಕೆ ನಡೆದದ್ದು ಒಂಬತ್ತಕ್ಕೆ ನಡೆಯಿತೆಂದು ಯಂತ್ರ ತೋರಿಸುತ್ತದೆ. ಸಾಲು ಇದ್ದ ಹಾಗೇ ಇರಬೇಕು, ಅದರ ಕೊನೆಯಲ್ಲಿ ಹೋದ ವರ್ಷದವರೆಗೆ ಎಂದು ಬರೆಯಬೇಕು, ಅಷ್ಟೆ. ಅವಳು ಆಸಕ್ತಿಯಿಂದ ಕೇಳಿಸಿಕೊಂಡಳು. ಕಲಿಸುವುದು ನನಗೂ ಬರುತ್ತದೆ ಅನ್ನಿಸಿತು.

ಕಳಿಸಿದೆವು. ಆದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಇವತ್ತು ಮಧ್ಯಾಹ್ನವಾಗಿತ್ತು. ವ್ಯಾನಿನ ಟ್ಯಾಬ್‌ಗಳು ಬೆಳಿಗ್ಗೆಯೇ ಹಳೆಯದನ್ನು ತೆಗೆದುಕೊಂಡು ಸುಮ್ಮನಾಗಿದ್ದವು. ಹೆಡ್ ನರ್ಸಿಗೆ ನಾನೇ ಫೋನ್ ಮಾಡಿದೆ. ಬಯ್ದರು. ಎಲ್ಲ ಡ್ರೈವರುಗಳಿಗೂ ಹೇಳಿಸುತ್ತೇನೆ, ಆದರೆ ಅವರು ನನ್ನ ಮಾತಿಗಿಂತ ಆ ಪರದೆಯನ್ನೇ ನಂಬುತ್ತಾರೆ, ನೀವೇ ಹಾಗೆ ಅಭ್ಯಾಸ ಮಾಡಿಸಿದ್ದೀರಿ ಎಂದರು. ಸೋಮವಾರ ಮುಂಬಾಗಿಲಿನ ಕೀಲಿ ನನಗೆ ಕೊಡಿ ಎಂದು ಕೇಳಿದೆ.

ಮಾರ್ಚ್ ೩೦, ಸೋಮವಾರ

ಕೇಂದ್ರದ ಮುಂದೆ ಆರಕ್ಕೇ ಎರಡು ವ್ಯಾನು ಬಂದೇಬಿಟ್ಟವು. ಇನ್ನೂ ಬೆಳಕು ಹರಿದಿರಲಿಲ್ಲ. ದೀಪದ ಕಂಬದ ಕೆಳಗೆ ಕಂಬಳಿ ಹೊದ್ದ ಆಕೃತಿಗಳು ಒಂದೊಂದಾಗಿ ಇಳಿದು, ಕೋಲೂರಿಕೊಂಡು, ಸದ್ದಿಲ್ಲದೆ ನಮ್ಮ ಕಡೆ ನಡೆದುಬಂದವು. ನಾನು ಕೀಲಿ ಹಿಡಿದುಕೊಂಡೇ ಅವರನ್ನು ನೋಡುತ್ತ ನಿಂತೆ. ಇವರು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಬಾಗಿಲು ತೆರೆದರು. ಕೇಳದೆಯೇ ಜೊತೆಗೆ ಬಂದಿದ್ದರು, ಫ್ಲಾಸ್ಕು ತುಂಬಿಸಿಕೊಂಡು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು.

ಒಳಗೆ ಹಜಾರವೂ ತಣ್ಣಗೆ ಕೊರೆಯುತ್ತಿತ್ತು. ಏಳಕ್ಕೆ ಮುಂಚೆ ಹೀಟರು ಹೊತ್ತುವುದಿಲ್ಲವಂತೆ. ಒಬ್ಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊಸ ನರ್ಸಾ ನೀನು, ಎಂದಳು. ಅಲ್ಲ, ವ್ಯಾನಿಗೆ ಸಮಯ ಹೇಳುವ ಕ್ಯಾಲೆಂಡರ್ ಬರೆಯುವವಳು, ನಿಮ್ಮನ್ನು ಒಂದು ಗಂಟೆ ಬೇಗ ಕರೆಸಿದ್ದು ನಾನೇ, ತಪ್ಪಾಯಿತು ಎಂದೆ.

"ಒಂದು ಗಂಟೆ ತಾನೆ," ಎಂದಳು. "ಒಳಗೆ ಆ ಮಷೀನಿನ ಪಕ್ಕ ಮೂಕಿ ಹಾಗೆ ಬಿದ್ದಿರ್ತೀನಿ. ಇಲ್ಲಿ ಆದ್ರೆ ಮಾತಾಡೋಕೆ ಜನ ಇದಾರೆ." ಮಾತಾಡಿದಳು ಕೂಡ. ಸೊಸೆಯ ಮೇಲಿದ್ದ ದೂರುಗಳನ್ನೆಲ್ಲ ಇವರಿಗೆ ಒಪ್ಪಿಸಿದಳು. ಇವರು ಹೂಂಗುಟ್ಟುತ್ತ ಫ್ಲಾಸ್ಕಿನಿಂದ ಬಿಸಿ ನೀರು ಬಗ್ಗಿಸಿ ಎಲ್ಲರ ಕೈಗೂ ಕೊಟ್ಟರು, ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಕಿಡ್ನಿ ಕೈಕೊಟ್ಟವರು ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡರು.

ಎಲ್ಲರೂ ಹಾಗಿರಲಿಲ್ಲ. ಕಾಲು ಬಾತುಕೊಂಡಿದ್ದ ಒಬ್ಬರು, ಹಿಂದೆ ಡ್ರೈವರ್ ಆಗಿದ್ದವರಂತೆ, ನನ್ನ ಕ್ಷಮೆಗೆ ಉತ್ತರ ಕೊಡಲಿಲ್ಲ, ಲೋಟವನ್ನೂ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಇಡೀ ಗಂಟೆ ನಡುಗುತ್ತ ಕೂತರು. ನನ್ನ ಕೋಟು ಹೊದಿಸಲು ಹೋದೆ, ಬೇಡವೆಂದು ಭುಜ ಕೊಡವಿದರು. ನರ್ಸ್ ಬಂದು ಮೊದಲು ಅವರನ್ನೇ ಒಳಗೆ ಕರೆದುಕೊಂಡರು. ಮಧ್ಯಾಹ್ನ ಫೋನ್ ಮಾಡಿ ವಿಚಾರಿಸಿದೆ. ಬಿಪಿ ಇಳಿದಿತ್ತಂತೆ, ಈಗ ಪರವಾಗಿಲ್ಲವಂತೆ. ಅವರ ಬೆನ್ನು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಆ ಹೊತ್ತಿನಲ್ಲಿ ಭಾವ ಏನಾದರೂ ಹೇಳಿದರೋ ಇಲ್ಲವೋ. ಈಗ ಬರೆಯಲು ಕೂತಾಗ ನೆನಪಾಯಿತು, ನಾನು ಕಿವಿಗೊಟ್ಟಿರಲೇ ಇಲ್ಲ.

ಏಪ್ರಿಲ್ ೨, ಗುರುವಾರ

ಮಗಳನ್ನು ಶಾಲೆಗೆ ಬಿಟ್ಟು ಆಫೀಸು ಮುಟ್ಟುವಷ್ಟರಲ್ಲಿ ಹತ್ತು ಗಂಟೆ ಸಮೀಪಿಸಿತ್ತು. ಕೋಣೆಯ ಪರದೆ ಇನ್ನೂ ಕೆಂಪಗಿತ್ತು. ಒಳಗೆ ಕತ್ತಲೆ. ಬಾಗಿಲು ತೆರೆದು ನಿಂತೆ, ದೀಪ ಹೊತ್ತಿಕೊಂಡಿತು. ಖಾಲಿ ಕುರ್ಚಿಗಳು, ಕಿಟಕಿಯಾಚೆ ಲಾಂಡ್ರಿಯ ಹಬೆ.

ನನ್ನ ಜಾಗಕ್ಕೆ ಬಂದು ಭಾವನ ಸಭೆಯನ್ನು ತೆರೆದೆ. ಇವತ್ತಿಗೆ ಕೊನೆ ಎಂದು ಕೊಟ್ಟೆ. ಹಿಂದಿನ ಗುರುವಾರಗಳೆಲ್ಲ ಇದ್ದಲ್ಲೇ ಇವೆ, ತಿರುಗಿಸಿ ನೋಡಿದೆ. ಮುಂದಿನ ವಾರ ಖಾಲಿ.

ನಾನು ಮರೆತದ್ದು ಒಂದಿತ್ತು. ಸಭೆ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಎಲ್ಲ ಆಹ್ವಾನಿತರಿಗೂ ಸುದ್ದಿ ಹೋಗುತ್ತದೆ. ಸುತ್ತ ಫೋನುಗಳು ಒಂದಾದ ಮೇಲೊಂದು ಗುಂಯ್‌ಗುಟ್ಟಿದವು. ಜನ ತಮ್ಮ ಪರದೆ ನೋಡಿಕೊಂಡರು, ಆಮೇಲೆ ನನ್ನ ಕಡೆ ನೋಡಿದರು. ಮ್ಯಾನೇಜರ್ ದೂರದಿಂದಲೇ ತಲೆಯಾಡಿಸಿದಳು.

ಅಷ್ಟರಲ್ಲಿ ನನಗೆ ಫೋನು ಬಂತು. ಅಕ್ಕ. ಸಭೆಯ ಹೊತ್ತಿನಲ್ಲಿ ಫೋನ್ ಮಾಡದಿರಲಿ ಎಂದು ಭಾವ ಎಂದೋ ಅವರನ್ನೂ ಆಹ್ವಾನಿತರ ಪಟ್ಟಿಗೆ ಸೇರಿಸಿದ್ದರಂತೆ.

"ಅವರ ಹೆಸರಲ್ಲಿ ಒಂದು ಮೆಸೇಜ್ ಬಂದಿದೆ," ಎಂದರು. ಉಸಿರು ಕೇಳಿಸುತ್ತಿತ್ತು. "ಸಭೆ ಮುಗಿದಿದೆ ಅಂತಿದೆ."

"ನಾನೇ ಅಕ್ಕ. ನಾನು ಮುಗಿಸಿದೆ. ಮೊದಲೇ ಹೇಳ್ಬೇಕಿತ್ತು ನಿಮಗೆ."

"ಗೊತ್ತಾಯ್ತು." ಆಮೇಲೆ, "ಇದಕ್ಕೆ ಉತ್ತರ ಬರಿಬಹುದಾ?"

ಭಾವನ ಮೇಲ್ ಖಾತೆಯನ್ನು ಕಂಪನಿ ಮುಚ್ಚಿ ಬಹಳ ದಿನವಾಯಿತು. ಬರೆದದ್ದು ಯಾರಿಗೂ ತಲುಪುವುದಿಲ್ಲ.

"ಬರಿಬಹುದು ಅಕ್ಕ," ಎಂದೆ. "ಆದ್ರೆ ವಾಪಸ್ ಬರುತ್ತೆ."

"ಬರ್ಲಿ ಬಿಡು," ಎಂದರು ಅಕ್ಕ.